ಮುಕ್ತ ತಂತ್ರಾಂಶದ ನೀರುಗಂಟಿ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಎರಡು ಊರುಗಳಿವೆ. ೧೯೭೦ರ ದಶಕದ ಕೊನೆಯಲ್ಲಿ ರಾಜ್ಯ ಸರಕಾರದ ಕಿಯೋನಿಕ್ಸ್ ಸಂಸ್ಥೆಯು, ಆರ್. ಕೆ. ಬಾಳಿಗರ ಯೋಜನೆಯಂತೆ, ಇಲ್ಲಿಯ ೩೩೨ ಎಕರೆ ನೆಲದಲ್ಲಿ ಇಲೆಕ್ಟ್ರಾನಿಕ್ಸ್ ಸಿಟಿಯನ್ನು ಕಟ್ಟಲು ತೊಡಗಿತು. ಇಂದು ಆ ನೆಲದ ಮೇಲೆ ನಿಂತಿರುವ ಕಟ್ಟಡಗಳಲ್ಲಿ ಹೆಚ್ಚಿನವು ಗಣಕಯಂತ್ರದ ಕೆಲಸವನ್ನು ಮಾಡಿಕೊಟ್ಟು ಹಣ ಪಡೆಯುವ ಕಂಪನಿಗಳವು. ಅವುಗಳ ನೆರೆಯಲ್ಲಿಯೇ ಒಂದು ವಿದ್ಯಾಸಂಸ್ಥೆ ಇದೆ. ೧೯೯೯ರಲ್ಲಿ ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ ಆರಂಭವಾಗಿ, ೨೦೦೩ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೇ ಅದು. ಜನರ ಬಾಯಲ್ಲಿ ಅದು ಟ್ರಿಪಲ್ ಐಟಿ. ಮಾರಾಟಕ್ಕೆಂದು ಮಾಡದ ಒಂದು ವಸ್ತು ಈ ಸಂಸ್ಥೆಯ ಆಶ್ರಯದಲ್ಲಿ ೨೦೧೮ರಿಂದ ಸಿದ್ಧವಾಗುತ್ತಿದೆ. ಅದರ ಹೆಸರು ‘ಮೋಸಿಪ್’. ಯಾವುದೇ ದೇಶದ ಸರಕಾರವು ತನ್ನ ಪ್ರಜೆಗಳಿಗೆ ಗುರುತಿನ ಸಂಖ್ಯೆಯನ್ನು ಕೊಡುವ ವ್ಯವಸ್ಥೆಯನ್ನು ಕಟ್ಟಿಕೊಳ್ಳಲು ಬೇಕಾದ ಮುಕ್ತ ತಂತ್ರಾಂಶವಿದು. ಬೇಕಾದವರು ಬೆಲೆ ತೆರದೆ ಇದನ್ನು ತೆಗೆದುಕೊಳ್ಳಬಹುದು.

ಇಲ್ಲಿ ಮೂರು ಪ್ರಶ್ನೆಗಳು ಸಹಜವಾಗಿ ಏಳುತ್ತವೆ. ಮಾರದ ವಸ್ತುವನ್ನು ಮಾಡುವವರಿಗೆ ಸಂಬಳ ಎಲ್ಲಿಂದ ಬರುತ್ತದೆ? ಒಬ್ಬರ ಮುಖವನ್ನೊಬ್ಬರು ಕಾಣದೆ, ದೇಶದೇಶಗಳಲ್ಲಿ ಕುಳಿತು ದುಡಿಯುವವರನ್ನು ಒಂದುಗೂಡಿಸಿ ನಡೆಸುವವರಾರು? ಹಾಗೆ ನಡೆಸುವವರಿಗೆ ಕೊಡುವ ಹಣ ನಿಂತ ದಿನ ಕೆಲಸದ ಗತಿ ಏನು? ಈ ಮೂರನೆಯ ಪ್ರಶ್ನೆಯೇ ನಮ್ಮ ಲೇಖನದ ಮುಖ್ಯ ವಿಷಯ. ಅದನ್ನು ತಲಪುವ ಮುನ್ನ ಮೊದಲೆರಡನ್ನು ಸ್ಪಷ್ಟಪಡಿಸಿಕೊಳ್ಳೋಣ.

ಮುಕ್ತ ತಂತ್ರಾಂಶವೆಂದರೇನು?

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ವಿಧಿಸುವ ಬರವಣಿಗೆಯೇ ತಂತ್ರಾಂಶ, ಅಂದರೆ ಸಾಫ್ಟ್‌ವೇರ್. ಮನುಷ್ಯರು ಓದಿ ತಿದ್ದಬಲ್ಲ ರೂಪದಲ್ಲಿರುವ ಈ ಬರವಣಿಗೆಗೆ ಆಕರ ಸಂಕೇತವೆಂದು ಹೆಸರು. ವ್ಯಾಪಾರದ ಸಂಸ್ಥೆಗಳು ಸಾಮಾನ್ಯವಾಗಿ ಆಕರ ಸಂಕೇತವನ್ನು ಗುಟ್ಟಾಗಿರಿಸಿ, ಯಂತ್ರಕ್ಕೆ ಮಾತ್ರ ತಿಳಿಯುವ ರೂಪವನ್ನು ಮಾರುತ್ತವೆ. ಇದು ಅಡುಗೆಯನ್ನು ಬಡಿಸಿ, ಮಾಡುವ ವಿಧಾನವನ್ನು ಮುಚ್ಚಿಟ್ಟಂತೆ. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಈ ಪದ್ಧತಿಯನ್ನು ವಿರೋಧಿಸಿ, ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶವನ್ನು ರಚಿಸುವುದಾಗಿ ಸಾರಿದನು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಬರೆದು ಹಂಚಿದನು. ಈ ಬಗೆಯ ತಂತ್ರಾಂಶಕ್ಕೆ ‘ಓಪನ್ ಸೋರ್ಸ್’ ಎಂಬ ಹೆಸರು ಬಂದುದು ೧೯೯೮ರಲ್ಲಿ.

ಮುಕ್ತವೆಂದ ಮಾತ್ರಕ್ಕೆ ನಿಯಮಗಳಿಲ್ಲವೆಂದು ಭಾವಿಸಬಾರದು. ಇಂತಹ ಪ್ರತಿಯೊಂದು ಕೃತಿಗೂ ಒಂದು ಪರವಾನಗಿ ಇರುತ್ತದೆ. ಮೋಸಿಪ್ ಹೊರಬಂದಿರುವುದು ಮೊಝಿಲ್ಲಾ ಪರವಾನಗಿಯ ಎರಡನೆಯ ಆವೃತ್ತಿಯ ಮೇಲೆ. ಅದರ ತಾತ್ಪರ್ಯ ಇಷ್ಟು: ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಅದರ ಕಡತಗಳನ್ನು ತಿದ್ದಿ ಇತರರಿಗೆ ಹಂಚುವವರು, ತಿದ್ದಿದ ಆ ಕಡತಗಳ ಆಕರ ಸಂಕೇತವನ್ನೂ ಅದೇ ಕಟ್ಟಳೆಯ ಮೇಲೆ ತೆರೆದಿಡಬೇಕು. ಹೀಗೆ ಒಬ್ಬರ ತಿದ್ದುಪಡಿ ಎಲ್ಲರ ಸೊತ್ತಾಗುತ್ತದೆ.

ಸಮುದಾಯವೇಕೆ ಬೇಕು?

ನುರಿತ ಇಂಜಿನಿಯರುಗಳು ಇಲೆಕ್ಟ್ರಾನಿಕ್ಸ್ ಸಿಟಿಯಲ್ಲಿಯೇ ಬೇಕಾದಷ್ಟಿರುವಾಗ ಹೊರಗಿನವರ ನೆರವೇಕೆಂದು ಓದುಗರು ಕೇಳಬಹುದು. ಮೋಸಿಪ್ಪನ್ನು ಆಧಾರವಾಗಿಟ್ಟುಕೊಂಡು ಗುರುತಿನ ವ್ಯವಸ್ಥೆಯನ್ನು ಕಟ್ಟಿದ ದೇಶಗಳಲ್ಲಿ ಫಿಲಿಪ್ಪೀನ್ಸ್ ಮತ್ತು ಇಥಿಯೋಪಿಯ ಇವೆ. ಮೊರಾಕೋ ಮೊಟ್ಟಮೊದಲು ಆಸಕ್ತಿ ತೋರಿದ ದೇಶಗಳಲ್ಲೊಂದು. ಫಿಲಿಪ್ಪೀನ್ಸ್ ಸಾವಿರಾರು ದ್ವೀಪಗಳ ನಾಡು. ಅಲ್ಲಿ ದೂರದ ದ್ವೀಪವೊಂದರಲ್ಲಿ ದೂರಸಂಪರ್ಕ ಕಡಿದಿರುವಾಗಲೂ ಜನರ ವಿವರವನ್ನು ದಾಖಲಿಸಿಕೊಳ್ಳಲು ಬರಬೇಕು. ಮೊರಾಕೋದ ಅರಬ್ಬೀ ಬರಹ ಬಲದಿಂದ ಎಡಕ್ಕೆ ಓಡುತ್ತದೆ. ಇಥಿಯೋಪಿಯದ ಲಿಪಿಯಲ್ಲಿ ಇನ್ನೂರಕ್ಕೂ ಮಿಕ್ಕ ಅಕ್ಷರರೂಪಗಳಿವೆ. ಕಲ್ಲು ಒಡೆಯುವವರ, ಗಾರೆ ಕಲಸುವವರ ಬೆರಳಿನ ಗೆರೆಗಳು ಸವೆದಿರುತ್ತವೆ. ಯಂತ್ರ ಅವನ್ನು ಗುರುತಿಸದೆ ಹೋಗಬಹುದು. ಅಂತಹ ಕಡೆ ತಂತ್ರಾಂಶದ ತಪ್ಪೊಂದು ಕಡತದ ತಪ್ಪಾಗಿ ಉಳಿಯುವುದಿಲ್ಲ. ಒಬ್ಬ ಕೂಲಿಕಾರನಿಗೆ ಸಲ್ಲಬೇಕಾದ ನೆರವು ಆ ದಿನ ಸಲ್ಲದೆ ಹೋಗುತ್ತದೆ.

ಈ ತೊಡಕುಗಳನ್ನು ಬೆಂಗಳೂರಿನ ಮೇಜಿನ ಮುಂದೆ ಕುಳಿತು ಊಹಿಸಿ ಮುಗಿಸಲಾಗದು. ಅಲ್ಲಲ್ಲಿಯವರೇ ಕಂಡು ಹೇಳಬೇಕು, ಸಾಧ್ಯವಾದರೆ ತಿದ್ದಿ ಕಳುಹಿಸಬೇಕು. ಇದಲ್ಲದೆ, ಒಬ್ಬನೇ ವ್ಯಕ್ತಿ ಎರಡು ಸಲ ದಾಖಲಾಗಿದ್ದಾನೆಯೇ ಎಂದು ಬೆರಳಚ್ಚುಗಳನ್ನು ಹೋಲಿಸಿ ನೋಡುವ ಯಂತ್ರಭಾಗ ಮೋಸಿಪ್ಪಿನ ಒಳಗೆ ಇಲ್ಲ. ಅದನ್ನು ಬೇರೆ ಕಂಪನಿಗಳಿಂದ ಪಡೆದು ಜೋಡಿಸಬೇಕು. ಆದುದರಿಂದ ಇಲ್ಲಿ ಸಮುದಾಯವೆಂದರೆ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರು ಮಾತ್ರವೇ ಅಲ್ಲ. ಸರಕಾರಗಳ ಇಂಜಿನಿಯರುಗಳು, ಉಪಕರಣ ತಯಾರಿಸುವ ಕಂಪನಿಗಳು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು, ಎಲ್ಲರೂ ಅದರಲ್ಲಿ ಸೇರುತ್ತಾರೆ.

ಜನ ಹೆಚ್ಚಿದಂತೆ ಕೆಲಸ ಹಗುರವಾಗುತ್ತದೆಂದು ಮೇಲುನೋಟಕ್ಕೆ ತೋರುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಗುಂಪಿನಲ್ಲಿ ಹತ್ತು ಜನರಿದ್ದು, ಪ್ರತಿಯೊಬ್ಬನೂ ಉಳಿದ ಪ್ರತಿಯೊಬ್ಬನೊಡನೆ ಮಾತನಾಡಬೇಕಾದರೆ ೪೫ ಜೋಡಿಗಳಾಗುತ್ತವೆ. ಐವತ್ತು ಜನರಾದರೆ ೧,೨೨೫ ಜೋಡಿಗಳು. ಜನಸಂಖ್ಯೆ ಐದು ಪಟ್ಟಾದಾಗ ಮಾತುಕತೆಯ ಹೊರೆ ಇಪ್ಪತ್ತೇಳು ಪಟ್ಟಾಯಿತು. ತಡವಾಗಿರುವ ತಂತ್ರಾಂಶದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು ಫ್ರೆಡ್ ಬ್ರೂಕ್ಸ್ ೧೯೭೫ರಲ್ಲಿ ಬರೆದುದಕ್ಕೆ ಇದೂ ಒಂದು ಕಾರಣ. ಆದ್ದರಿಂದಲೇ, ಯಾರು ಯಾರೊಡನೆ ಯಾವಾಗ ಮಾತನಾಡಬೇಕೆಂಬುದನ್ನು ಏರ್ಪಡಿಸುವ ಒಬ್ಬ ಸಂಯೋಜಕರು ಬೇಕಾಗುತ್ತಾರೆ.

ಅನುದಾನವೂ ನೀರುಗಂಟಿಯೂ

ಸಂಯೋಜಕರ ಕೆಲಸ ಕಣ್ಣಿಗೆ ಬೀಳುವಂಥದಲ್ಲ. ಬಂದ ದೂರುಗಳನ್ನು ವಿಂಗಡಿಸುವುದು, ಹೊಸಬರ ಪ್ರಶ್ನೆಗಳಿಗೆ ಉತ್ತರಿಸುವುದು, ಸಭೆ ಕರೆಯುವುದು, ಜಗಳ ಬಿಡಿಸುವುದು, ನಿರ್ಧಾರಗಳನ್ನು ಬರೆದಿಡುವುದು, ಇವೆಲ್ಲ ದಿನವೂ ಮಾಡಬೇಕಾದವು. ಹೊಸ ಸೌಕರ್ಯವೊಂದನ್ನು ರಚಿಸಿದವನಿಗೆ ಸಿಗುವ ಕೀರ್ತಿ ಇವುಗಳಿಗೆ ಸಿಗುವುದಿಲ್ಲ. ಆದುದರಿಂದ ಸ್ವಯಂಸೇವಕರು ಇವುಗಳಿಂದ ಬಲುಬೇಗ ದಣಿಯುತ್ತಾರೆ. ಇಲ್ಲಿಯೇ ಅನುದಾನದ ಪ್ರವೇಶವಾಗುತ್ತದೆ. ಒಂದು ದಾತೃಸಂಸ್ಥೆ ಗೊತ್ತಾದ ಉದ್ದೇಶಕ್ಕೆ, ಗೊತ್ತಾದ ಅವಧಿಗೆ ಹಣವನ್ನು ಕೊಡುತ್ತದೆ. ಮೋಸಿಪ್‌ಗೆ ಹೀಗೆ ಹಣ ನೀಡಿದವರಲ್ಲಿ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ, ಟಾಟಾ ಟ್ರಸ್ಟ್ಸ್, ಓಮಿದ್ಯಾರ್ ನೆಟ್‌ವರ್ಕ್ ಸೇರಿವೆ. ಬೆಂಗಳೂರಿನದೇ ಆದ ಜೆರೋಧಾ ಸಂಸ್ಥೆಯು ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರುಗಳವರೆಗೆ ಕೊಡುವ ನಿಧಿಯೊಂದನ್ನು ೨೦೨೪ರಲ್ಲಿ ಘೋಷಿಸಿತು.

ಇಂತಹ ಹಣದಿಂದ ಸಮುದಾಯದ ಕೆಲಸಕ್ಕೆಂದೇ ಹುದ್ದೆಗಳನ್ನು ಏರ್ಪಡಿಸಿದ ಉದಾಹರಣೆಗಳೂ ಉಂಟು. ಕಾಲೇಜುಗಳಲ್ಲಿ ಇಂದು ಕಲಿಸುವ ಪೈಥಾನ್ ಭಾಷೆಯ ಪ್ರತಿಷ್ಠಾನವು ೨೦೨೧ರಲ್ಲಿ ಗೂಗಲ್ ಕೊಟ್ಟ ಹಣದಿಂದ ಒಬ್ಬ ಪೂರ್ಣಾವಧಿಯ ಇಂಜಿನಿಯರನ್ನು ನೇಮಿಸಿತು. ಬಾಕಿ ಬಿದ್ದ ತಿದ್ದುಪಡಿಗಳನ್ನು ಪರಿಶೀಲಿಸುವುದು ಮತ್ತು ಸ್ವಯಂಸೇವಕರಿಗೆ ಒತ್ತಾಸೆಯಾಗಿ ನಿಲ್ಲುವುದು ಅವರಿಗೆ ವಹಿಸಿದ ಮುಖ್ಯ ಕೆಲಸಗಳು. ವಿಜ್ಞಾನಿಗಳು ಬಳಸುವ ನಮ್‌ಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್, ಪಾಂಡಾಸ್ ಎಂಬ ನಾಲ್ಕು ತಂತ್ರಾಂಶಗಳು ಅದೇ ಸುಮಾರಿಗೆ ಚಾನ್ ಝಕರ್‌ಬರ್ಗ್ ಸಂಸ್ಥೆಯ ಅನುದಾನವನ್ನು ಕೂಡಿ ಪಡೆದು, ಹೊಸಬರನ್ನು ಬರಮಾಡಿಕೊಂಡು ದಾರಿ ತೋರಿಸುವ ಮುಂದಾಳುಗಳನ್ನು ನೇಮಿಸಿಕೊಂಡವು. ಅವರು ತಮ್ಮ ಅನುಭವವನ್ನು ಇತರ ಯೋಜನೆಗಳಿಗೂ ಉಪಯೋಗವಾಗುವಂತೆ ಕೈಪಿಡಿಯ ರೂಪದಲ್ಲಿ ಬರೆದಿಟ್ಟರು.

ಈ ಹುದ್ದೆಯ ಸ್ವರೂಪವನ್ನು ತಿಳಿಯಲು ನಮ್ಮ ನಾಡಿನ ಹಳೆಯ ಏರ್ಪಾಡೊಂದನ್ನು ನೆನೆಯುವುದು ಒಳ್ಳೆಯದು. ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಎಂಬವನೊಬ್ಬನಿರುತ್ತಿದ್ದನು. ತೂಬನ್ನು ಎತ್ತುವುದು, ಮುಚ್ಚುವುದು, ಸರದಿಯಂತೆ ಗದ್ದೆಗದ್ದೆಗೆ ನೀರು ಹಾಯಿಸುವುದು, ಕಾಲುವೆಯಲ್ಲಿ ಹೂಳು ತುಂಬಿದರೆ ಊರಿಗೆ ತಿಳಿಸುವುದು ಅವನ ಕೆಲಸ. ಕೆರೆ ಅವನದಲ್ಲ, ನೀರು ಅವನದಲ್ಲ, ಬೆಳೆಯೂ ಅವನದಲ್ಲ. ಆದರೂ ಅವನಿಲ್ಲದಿದ್ದರೆ ಮೇಲಿನ ಗದ್ದೆ ಕೊಳೆತು, ಕೆಳಗಿನ ಗದ್ದೆ ಒಣಗುತ್ತಿತ್ತು. ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನೂ ಕಣದಲ್ಲಿಯೇ ಅವನ ಪಾಲಿನ ಧಾನ್ಯವನ್ನು ಅಳೆದುಕೊಡುತ್ತಿದ್ದನು. ಮುಕ್ತ ತಂತ್ರಾಂಶದ ಸಂಯೋಜಕರೂ ಇಂತಹ ನೀರುಗಂಟಿಯೇ. ಆಕರ ಸಂಕೇತ ಅವರ ಸೊತ್ತಲ್ಲ. ಯಾವ ತಿದ್ದುಪಡಿಯನ್ನು ಒಪ್ಪಬೇಕು, ಯಾವುದನ್ನು ಬಿಡಬೇಕೆಂಬ ತಾಂತ್ರಿಕ ತೀರ್ಪೂ ಅವರದಲ್ಲ. ಸರದಿ ತಪ್ಪದಂತೆ, ಕಾಲುವೆ ಕಟ್ಟದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಅವರದು.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ನೀರುಗಂಟಿಗೆ ಧಾನ್ಯ ಬರುತ್ತಿದ್ದುದು ಅವನು ನೀರು ಹಾಯಿಸಿದ ಗದ್ದೆಗಳಿಂದಲೇ. ಅವನು ಪಕ್ಷಪಾತ ಮಾಡಿದರೆ ಕಣದಲ್ಲಿಯೇ ಅದರ ವಿಚಾರಣೆಯಾಗುತ್ತಿತ್ತು. ಅನುದಾನದ ಸಂಯೋಜಕರಿಗೆ ಸಂಬಳ ಬರುವುದು ಹೊರಗಿನಿಂದ. ಅವರು ದುಡಿಯುವುದು ಸಮುದಾಯಕ್ಕಾಗಿ, ವರದಿ ಒಪ್ಪಿಸುವುದು ದಾತೃಸಂಸ್ಥೆಗೆ. ಈ ಹುದ್ದೆಯ ತೊಡಕುಗಳಿಗೆಲ್ಲ ಇದೇ ಮೂಲ.

ಕಾಯುವವರ ಸಾಲಿನ ಗಣಿತ

ಇಲ್ಲಿ ಸ್ವಲ್ಪ ಗಣಿತದ ಅಗತ್ಯವಿದೆ. ೧೯೬೧ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸನು ಕಾಯುವ ಸಾಲುಗಳ ಬಗ್ಗೆ ಸರಳವಾದ ಒಂದು ನಿಯಮವನ್ನು ಸಾಧಿಸಿ ತೋರಿಸಿದನು. ಒಳಬರುವುದೂ ಹೊರಹೋಗುವುದೂ ಸಮತೂಕದಲ್ಲಿರುವ ಯಾವುದೇ ವ್ಯವಸ್ಥೆಯಲ್ಲಿ, ಒಳಗಿರುವವರ ಸರಾಸರಿ ಸಂಖ್ಯೆಯು ಬರುವ ವೇಗವನ್ನು ಸರಾಸರಿ ತಂಗುವ ಕಾಲದಿಂದ ಗುಣಿಸಿದಷ್ಟಿರುತ್ತದೆ. ದರ್ಶಿನಿಯೊಂದಕ್ಕೆ ನಿಮಿಷಕ್ಕೆ ನಾಲ್ವರಂತೆ ಬಂದು, ಒಬ್ಬೊಬ್ಬರೂ ಹತ್ತು ನಿಮಿಷ ಇದ್ದು ಹೋದರೆ, ಒಳಗೆ ಯಾವಾಗಲೂ ಸುಮಾರು ನಲವತ್ತು ಜನರಿರುತ್ತಾರೆ.

ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳಿಂದ ಹೊರಬಂದ ಬಿಡಿಭಾಗಗಳೆಲ್ಲ ತಪಾಸಣೆಯ ಮೇಜಿನ ಮೇಲೆ ಬಂದು ನಿಲ್ಲುತ್ತವೆ. ತಪಾಸಣೆ ಮಾಡುವವನು ಒಬ್ಬನೇ ಇದ್ದರೆ, ಇನ್ನೆರಡು ಲೇತ್‌ಗಳನ್ನು ತಂದಿರಿಸಿದರೂ ಬಾಗಿಲು ದಾಟಿ ಹೋಗುವ ಮಾಲು ಹೆಚ್ಚುವುದಿಲ್ಲ. ಮೇಜಿನ ಮುಂದೆ ರಾಶಿ ಬೆಳೆಯುತ್ತದೆ, ಅಷ್ಟೆ. ಮುಕ್ತ ತಂತ್ರಾಂಶದಲ್ಲಿಯೂ ಹಾಗೆಯೇ. ಬರೆಯುವವರು ನೂರಾರು ಜನ. ಬರೆದುದನ್ನು ಓದಿ, ಪರೀಕ್ಷಿಸಿ, ಸರಿಯೆಂದು ಒಪ್ಪುವ ಪರಿಶೀಲಕರು ಬೆರಳೆಣಿಕೆಯಷ್ಟು.

ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ. ಒಂದು ಯೋಜನೆಗೆ ವಾರಕ್ಕೆ ೧೨ ತಿದ್ದುಪಡಿಗಳು ಬರುತ್ತವೆ, ಪರಿಶೀಲಕರು ೧೦ನ್ನು ಮಾತ್ರ ನೋಡಬಲ್ಲರು ಎಂದಿಟ್ಟುಕೊಳ್ಳಿ. ವಾರಕ್ಕೆ ಎರಡರಂತೆ ವರ್ಷಕ್ಕೆ ೧೦೪ ಬಾಕಿ ಬೀಳುತ್ತವೆ. ವರ್ಷದ ಕೊನೆಯಲ್ಲಿ ತಿದ್ದುಪಡಿ ಕಳುಹಿಸಿದ ವಿದ್ಯಾರ್ಥಿನಿಯೊಬ್ಬಳು ಉತ್ತರಕ್ಕಾಗಿ ಹತ್ತು ವಾರಕ್ಕೂ ಹೆಚ್ಚು ಕಾಲ ಕಾಯಬೇಕು. ಬಹುಮಟ್ಟಿಗೆ ಅವಳು ಮತ್ತೆ ಬರಲಾರಳು.

ಈ ಹೊತ್ತಿನಲ್ಲಿ ಒಂದು ವರ್ಷದ ಅನುದಾನ ಬಂದು ಸಂಯೋಜಕರ ನೇಮಕವಾಯಿತೆನ್ನೋಣ. ಅವರ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ಕಾಲೇಜುಗಳಲ್ಲಿ ಶಿಬಿರ ನಡೆಸಿ ಹೊಸಬರನ್ನು ಕರೆತರುವುದು. ಶಿಬಿರಗಳ ಸಂಖ್ಯೆ, ಬಂದವರ ಸಂಖ್ಯೆ, ಕಳುಹಿಸಿದ ತಿದ್ದುಪಡಿಗಳ ಸಂಖ್ಯೆ, ಎಲ್ಲವೂ ವರದಿಯಲ್ಲಿ ಶೋಭಿಸುತ್ತವೆ. ಆದರೆ ವಾರಕ್ಕೆ ೧೨ರ ಬದಲು ೨೦ ಬರತೊಡಗಿದರೆ ವರ್ಷದಲ್ಲಿ ಇನ್ನೂ ೫೨೦ ಬಾಕಿ ಸೇರಿ ಒಟ್ಟು ೬೨೪ ಆಗುತ್ತವೆ. ಕಾಯುವ ಕಾಲ ಒಂದು ವರ್ಷವನ್ನು ಮೀರುತ್ತದೆ.

ಎರಡನೆಯ ದಾರಿಯೆಂದರೆ, ಈಗಾಗಲೇ ಇರುವವರಲ್ಲಿ ಇಬ್ಬರನ್ನು ಪರಿಶೀಲಕರನ್ನಾಗಿ ತಯಾರು ಮಾಡುವುದು. ಕಲಿಸುವ ಹನ್ನೆರಡು ವಾರಗಳಲ್ಲಿ ಹಿರಿಯರ ಸಮಯವೂ ಖರ್ಚಾಗುವುದರಿಂದ, ವಾರಕ್ಕೆ ೧೦ರ ಬದಲು ೮ ಮಾತ್ರ ಮುಗಿಯುತ್ತವೆ. ಬಾಕಿ ೧೦೪ರಿಂದ ೧೫೨ಕ್ಕೆ ಏರುತ್ತದೆ. ಆಮೇಲೆ ಹೊಸ ಪರಿಶೀಲಕರು ತಲಾ ಐದನ್ನು ನೋಡತೊಡಗಿದರೆ ವಾರಕ್ಕೆ ೨೦ ಮುಗಿಯುತ್ತವೆ, ಬರುವುದು ೧೨. ಎಂಟೆಂಟರಂತೆ ಇಳಿದು, ಹತ್ತೊಂಬತ್ತು ವಾರಗಳಲ್ಲಿ ಬಾಕಿಯೆಲ್ಲ ತೀರುತ್ತದೆ. ಒಟ್ಟು ಮೂವತ್ತೊಂದು ವಾರ. ವರ್ಷ ಮುಗಿಯಲು ಇನ್ನೂ ಇಪ್ಪತ್ತೊಂದು ವಾರಗಳಿರುತ್ತವೆ.

ಓದುಗರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಎರಡನೆಯ ದಾರಿ ಹಿಡಿದ ಸಂಯೋಜಕರ ಮೊದಲ ಮೂರು ತಿಂಗಳ ವರದಿ ನೋಡಲು ಕೆಟ್ಟದಾಗಿರುತ್ತದೆ: ಬಾಕಿ ಹೆಚ್ಚಿದೆ, ಹೊಸಬರು ಬಂದಿಲ್ಲ. ಮೊದಲನೆಯ ದಾರಿಯವರ ವರದಿ ಹೊಳೆಯುತ್ತದೆ. ಹಣ ಕೊಟ್ಟವರು ಮೂರು ತಿಂಗಳಿಗೊಮ್ಮೆ ತಲೆಯೆಣಿಕೆ ಕೇಳಿದರೆ, ಸರಿಯಾದ ಕೆಲಸ ಮಾಡುವವರೇ ಸೋತಂತೆ ತೋರುತ್ತಾರೆ. ಆದುದರಿಂದ ಏನನ್ನು ಎಣಿಸಬೇಕೆಂಬುದನ್ನು ಅನುದಾನದ ಪತ್ರಕ್ಕೆ ಸಹಿ ಬೀಳುವ ಮುನ್ನವೇ ಗೊತ್ತುಮಾಡಿಕೊಳ್ಳಬೇಕು. ಕಳುಹಿಸಿದ ತಿದ್ದುಪಡಿಗೆ ಮೊದಲ ಉತ್ತರ ಎಷ್ಟು ದಿನಕ್ಕೆ ಸಿಕ್ಕಿತು, ಒಮ್ಮೆ ಬಂದವರಲ್ಲಿ ಎಷ್ಟು ಜನ ಎರಡನೆಯ ಸಲ ಬಂದರು, ಪರಿಶೀಲಕರ ಸಂಖ್ಯೆ ಎಷ್ಟಾಯಿತು, ಒಬ್ಬನಿಗೆ ಮಾತ್ರ ಗೊತ್ತಿರುವ ಕೆಲಸಗಳು ಎಷ್ಟು ಉಳಿದಿವೆ, ಈ ನಾಲ್ಕು ಲೆಕ್ಕಗಳು ಶಿಬಿರಗಳ ಲೆಕ್ಕಕ್ಕಿಂತ ಹೆಚ್ಚು ಸತ್ಯವನ್ನು ಹೇಳುತ್ತವೆ.

ಆತುರದ ಫಲ

ಮೇಲಿನ ಲೆಕ್ಕ ಕಲ್ಪಿತವಾದರೂ ಅದಕ್ಕೆ ಹೋಲುವ ಘಟನೆ ನಮ್ಮ ದೇಶದಲ್ಲಿಯೇ ನಡೆದಿದೆ. ವಿಕಿಪೀಡಿಯವು ಮುಕ್ತ ತಂತ್ರಾಂಶದ ಮೇಲೆ ನಿಂತ, ಅದೇ ತತ್ತ್ವದಂತೆ ನಡೆಯುವ ವಿಶ್ವಕೋಶ. ೨೦೧೧ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವು ಪುಣೆಯ ಕೆಲವು ಕಾಲೇಜುಗಳಲ್ಲಿ, ಪಾಠದ ಅಂಗವಾಗಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಯಿಸುವ ಪ್ರಯೋಗವನ್ನು ಹೂಡಿತು. ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳು ಸೇರಿದರು. ಅವರಲ್ಲಿ ಬಹುಮಂದಿ ಬೇರೆಯವರ ಪುಸ್ತಕಗಳಿಂದ ಹಾಗೆಯೇ ನಕಲು ಮಾಡಿದ ಬರಹಗಳನ್ನು ಸೇರಿಸಿದರು. ಅವನ್ನು ಹುಡುಕಿ ತೆಗೆಯುವ ಹೊರೆ ಎಲ್ಲೋ ಕುಳಿತಿದ್ದ ಸ್ವಯಂಸೇವಕರ ಮೇಲೆ ಬಿತ್ತು. ಇಷ್ಟು ಬರಹ ಬರಲಿದೆ, ಅದನ್ನು ನೋಡುವಿರಾ ಎಂದು ಅವರನ್ನು ಮೊದಲೇ ಸರಿಯಾಗಿ ಕೇಳಿರಲಿಲ್ಲ. ಆ ವರ್ಷದ ಕೊನೆಯಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಬರೆಯುವವರನ್ನು ಹೆಚ್ಚಿಸಿ ತಪಾಸಣೆಯ ಮೇಜನ್ನು ಅಷ್ಟಕ್ಕೇ ಬಿಟ್ಟುದರ ಫಲವಿದು.

ಮರುವರ್ಷ, ೨೦೧೨ರಲ್ಲಿ, ಪ್ರತಿಷ್ಠಾನವು ಭಾರತದ ಕೆಲಸವನ್ನು ನೇರವಾಗಿ ನಡೆಸುವುದನ್ನು ಬಿಟ್ಟು, ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಎಂಬ ಸಂಸ್ಥೆಗೆ ಅನುದಾನ ಕೊಟ್ಟಿತು. ಕನ್ನಡವೂ ಸೇರಿ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ನೆರವಾಗುವ ಸಂಯೋಜಕರು ಈ ಹಣದಿಂದ ನೇಮಕಗೊಂಡರು. ಕನ್ನಡ ವಿಕಿಪೀಡಿಯ ೨೦೦೩ರಲ್ಲಿಯೇ ಸ್ವಯಂಸೇವಕರಿಂದ ಆರಂಭವಾಗಿತ್ತು. ಅನುದಾನ ಬಂದುದು ಅದಾಗಿ ಒಂಬತ್ತು ವರ್ಷಗಳ ಮೇಲೆ. ಸಮುದಾಯ ಮೊದಲು, ಹಣ ಆಮೇಲೆ, ಎಂಬ ಈ ಕ್ರಮ ಲಕ್ಷಿಸತಕ್ಕದ್ದು. ಹೊಸೂರು ರಸ್ತೆಯಲ್ಲಿಯೇ ಇರುವ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಭಾಷಾಪಾಠದ ಅಂಗವಾಗಿ ಕನ್ನಡ ವಿಕಿಪೀಡಿಯಕ್ಕೆ ಬರೆದುದೂ ಅನಂತರದ ವರ್ಷಗಳಲ್ಲಿ.

ಆತುರಕ್ಕೆ ಇನ್ನೊಂದು, ಹೆಚ್ಚು ಭಯಂಕರವಾದ ಮುಖವುಂಟು. ‘ಎಕ್ಸ್‌ಝಡ್’ ಎಂಬುದು ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಒಂದು ಸಣ್ಣ ತಂತ್ರಾಂಶ. ಜಗತ್ತಿನ ಅಸಂಖ್ಯಾತ ಲಿನಕ್ಸ್ ಯಂತ್ರಗಳಲ್ಲಿ ಅದಿದೆ. ಅನೇಕ ವರ್ಷ ಅದನ್ನು ನೋಡಿಕೊಂಡುದು ಸಂಬಳವಿಲ್ಲದ ಒಬ್ಬನೇ ಸ್ವಯಂಸೇವಕ. ೨೦೨೨ರ ಸುಮಾರಿಗೆ, ಕೆಲಸ ನಿಧಾನವಾಗುತ್ತಿದೆ, ಬೇರೊಬ್ಬರಿಗೆ ಅಧಿಕಾರ ಕೊಡು ಎಂದು ಅಪರಿಚಿತರು ಅವನನ್ನು ಒತ್ತಾಯಿಸತೊಡಗಿದರು. ಸಮಯಕ್ಕೆ ಸರಿಯಾಗಿ ನೆರವಿಗೆ ಬಂದ ಮತ್ತೊಬ್ಬನು, ಎರಡು ವರ್ಷ ಒಳ್ಳೆಯ ತಿದ್ದುಪಡಿಗಳನ್ನು ಕೊಟ್ಟು ವಿಶ್ವಾಸ ಸಂಪಾದಿಸಿದನು. ಆಮೇಲೆ, ದೂರದಿಂದ ಯಂತ್ರದೊಳಕ್ಕೆ ನುಗ್ಗಲು ಕಳ್ಳದಾರಿಯೊಂದನ್ನು ಅದರಲ್ಲಿ ಅಡಗಿಸಿದನು. ೨೦೨೪ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರನು, ತನ್ನ ಯಂತ್ರಕ್ಕೆ ಪ್ರವೇಶ ಪಡೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿ, ಹುಡುಕಿ ನೋಡಿ ಈ ಕುಟಿಲವನ್ನು ಬಯಲಿಗೆಳೆದನು. ಆ ಅರ್ಧ ಸೆಕೆಂಡು ಯಾರ ಗಮನಕ್ಕೂ ಬಾರದೆ ಹೋಗಿದ್ದರೆ ಆಗಬಹುದಾಗಿದ್ದ ಅನಾಹುತಕ್ಕೆ ಮಿತಿಯಿರಲಿಲ್ಲ. ದಣಿದ ಒಬ್ಬನೇ ಪಾಲಕನ ಪಕ್ಕದಲ್ಲಿ, ಹೊಸಬನ ಪೂರ್ವಾಪರವನ್ನು ವಿಚಾರಿಸುವ, ಒತ್ತಾಯ ಮಾಡುವವರಿಗೆ ಉತ್ತರ ಹೇಳುವ ಇನ್ನೊಬ್ಬರು ಇರಬೇಕೆಂಬುದನ್ನು ಈ ಘಟನೆ ತೋರಿಸಿಕೊಟ್ಟಿತು. ಕೋಟಿಗಟ್ಟಲೆ ಜನರ ಗುರುತನ್ನು ಕಾಯುವ ತಂತ್ರಾಂಶದಲ್ಲಂತೂ ಇದರ ಮಹತ್ತ್ವ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಂಬಳ ಪಡೆಯುವವರೂ ಪಡೆಯದವರೂ

ಒಂದೇ ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರಿಗೆ ಸಂಬಳವಿದ್ದು ಉಳಿದವರಿಗೆ ಇಲ್ಲದಿದ್ದರೆ ಏನಾಗುತ್ತದೆ? ಇದು ಮನಶ್ಶಾಸ್ತ್ರದ ವಿಷಯ. ಇಸ್ರೇಲಿನ ಹೈಫಾ ನಗರದಲ್ಲಿ ಹತ್ತು ಶಿಶುವಿಹಾರಗಳ ಮೇಲೆ ನಡೆಸಿದ ಪ್ರಯೋಗವೊಂದು ೨೦೦೦ದಲ್ಲಿ ಪ್ರಕಟವಾಯಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ಕೆಲವು ಶಿಶುವಿಹಾರಗಳಲ್ಲಿ ಸಣ್ಣ ಜುಲ್ಮಾನೆಯನ್ನು ವಿಧಿಸಿದರು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚಿದರು. ಹಿಂದೆ ‘ಟೀಚರಿಗೆ ತೊಂದರೆಯಾಗುತ್ತದೆ’ ಎಂಬ ಸಂಕೋಚವಿತ್ತು; ಈಗ ತಡಕ್ಕೆ ಬೆಲೆ ಕಟ್ಟಿದಂತಾಯಿತು. ಜುಲ್ಮಾನೆಯನ್ನು ತೆಗೆದುಹಾಕಿದ ಮೇಲೂ ಹಳೆಯ ಸಂಕೋಚ ಮರಳಿ ಬರಲಿಲ್ಲ.

ಅನುದಾನದ ವಿಷಯದಲ್ಲಿಯೂ ಈ ಎಚ್ಚರ ಬೇಕು. ‘ಅವರಿಗೆ ಸಂಬಳ ಬರುತ್ತದೆ, ಅವರೇ ಮಾಡಲಿ’ ಎಂಬ ಮಾತು ಒಮ್ಮೆ ಹುಟ್ಟಿತೆಂದರೆ, ಅದುವರೆಗೆ ಸಂತೋಷದಿಂದ ಕೈಜೋಡಿಸುತ್ತಿದ್ದವರು ಹಿಂದೆ ಸರಿಯುತ್ತಾರೆ. ಹಣ ಮುಗಿದ ಮೇಲೂ ಮರಳುವುದಿಲ್ಲ. ಇದಕ್ಕೆ ಮದ್ದು ಏನು? ಸ್ವಯಂಸೇವಕರು ಇಷ್ಟಪಟ್ಟು ಮಾಡುವ ಕೆಲಸವನ್ನು ಸಂಬಳದವರು ಕಿತ್ತುಕೊಳ್ಳಬಾರದು. ಯಾರೂ ಬಯಸದ, ಆದರೆ ನಿಲ್ಲಬಾರದ ಕೆಲಸಕ್ಕೆ ಮಾತ್ರ ಆ ಹಣ ಸಲ್ಲಬೇಕು. ಹುದ್ದೆಯ ಕರ್ತವ್ಯ, ಅಧಿಕಾರದ ಎಲ್ಲೆ, ಅವಧಿ, ಹಣದ ಮೂಲ, ಇವನ್ನು ಎಲ್ಲರಿಗೂ ಕಾಣುವಂತೆ ಬರೆದಿಡಬೇಕು. ದಾತೃಸಂಸ್ಥೆಗೆ ಹೋಗುವ ವರದಿಯು ಅದೇ ದಿನ ಸಮುದಾಯದ ಮುಂದೆಯೂ ಬರಬೇಕು. ನೀರುಗಂಟಿಯ ವಿಚಾರಣೆ ಕಣದಲ್ಲಿ ಆಗುತ್ತಿದ್ದಂತೆ, ಸಂಯೋಜಕರ ವಿಚಾರಣೆಯೂ ಅವರು ಯಾರಿಗಾಗಿ ದುಡಿಯುವರೋ ಅವರೆದುರಿನಲ್ಲಿ ಆಗಬೇಕು.

ಅವಧಿ ಮುಗಿದ ಮೇಲೆ

ಈಗ ಮೂರನೆಯ ಪ್ರಶ್ನೆಗೆ ಬಂದೆವು. ಅನುದಾನಕ್ಕೆ ಕೊನೆಯ ದಿನಾಂಕವೊಂದು ಇದ್ದೇ ಇರುತ್ತದೆ. ತಂತ್ರಾಂಶವನ್ನು ನಂಬಿದ ಜನರಿಗೆ ಅಂತಹ ದಿನಾಂಕವಿಲ್ಲ. ಇಥಿಯೋಪಿಯದ ರೈತನು ತನ್ನ ಗ���ರುತಿನ ಸಂಖ್ಯೆಯನ್ನು ಬಳಸುವುದು ಬಾಳಿನುದ್ದಕ್ಕೂ. ಆದುದರಿಂದ ಸಂಯೋಜಕರು ಮೊದಲ ದಿನದಿಂದಲೇ ಕೊನೆಯ ದಿನಕ್ಕಾಗಿ ದುಡಿಯಬೇಕಾಗುತ್ತದೆ. ಹನ್ನೆರಡು ತಿಂಗಳ ಅನುದಾನವಿದ್ದರೆ ಮೊದಲ ಎರಡು ತಿಂಗಳು ನೋಡಿ, ಕೇಳಿ, ಎಲ್ಲಿ ಸಾಲು ನಿಂತಿದೆಯೆಂದು ಅಳೆಯಲು ಸಲ್ಲಲಿ. ನಡುವಿನ ಆರು ತಿಂಗಳು ಪರಿಶೀಲಕರನ್ನು ತಯಾರು ಮಾಡಲು ಸಲ್ಲಲಿ. ಉಳಿದ ನಾಲ್ಕು ತಿಂಗಳಲ್ಲಿ ಒಂದೊಂದೇ ಕೆಲಸವನ್ನು ಬೇರೆಯವರ ಕೈಗೆ ಒಪ್ಪಿಸಿ, ತಾವು ಪಕ್ಕದಲ್ಲಿ ನಿಂತು ನೋಡಲಿ. ಸಭೆಗೆ ಒಂದು ವಾರ ತಾವು ಹೋಗದೆ, ಅದು ನಡೆಯಿತೇ ಎಂದು ಪರೀಕ್ಷಿಸಲಿ. ನಡೆದಿದ್ದರೆ ಕೆಲಸ ಬೇರೂರಿದೆ. ನಿಂತಿದ್ದರೆ ಎಲ್ಲಿ ನಿಂತಿತೆಂದು ತಿಳಿಯಲು ಇನ್ನೂ ಕಾಲಾವಕಾಶವಿದೆ. ಈ ಪರೀಕ್ಷೆಯನ್ನು ಹಣ ಮುಗಿದ ಮೇಲೆ ಮಾಡಿ ಪ್ರಯೋಜನವಿಲ್ಲ.

ಒಟ್ಟಿನಲ್ಲಿ, ಹಣದಿಂದ ಕೊಳ್ಳಬಹುದಾದುದು ಕಾಲವನ್ನು. ವಿಶ್ವಾಸ ಆ ಕಾಲದಲ್ಲಿ ತನ್ನ ವೇಗದಲ್ಲಿಯೇ ಬೆಳೆಯಬೇಕು. ಆ ಬೆಳೆಗೆ ನೀರು ಹಾಯಿಸುವವರೇ ಸಂಯೋಜಕರು.

ವಿದ್ಯಾರ್ಥಿಗಳು ಇದರಿಂದ ಗ್ರಹಿಸಬಹುದಾದ ಪ್ರಾಯೋಗಿಕ ಪಾಠವೂ ಒಂದಿದೆ. ಮುಕ್ತ ತಂತ್ರಾಂಶವೊಂದಕ್ಕೆ ಕೊಡುಗೆ ನೀಡಬೇಕೆಂಬ ಆಸೆ ಹುಟ್ಟಿದಾಗ, ಹೊಸತೊಂದನ್ನು ಬರೆದು ಸಾಲಿನ ಕೊನೆಗೆ ಸೇರಿಸುವ ಮುನ್ನ ಸಾಲಿನಲ್ಲಿ ಆಗಲೇ ನಿಂತಿರುವುದನ್ನು ನೋಡಿ. ಯಾರೋ ಬರೆದ ದೂರನ್ನು ನಿಮ್ಮ ಯಂತ್ರದಲ್ಲಿ ಪರೀಕ್ಷಿಸಿ, ಅದು ನಿಜವೇ ಎಂದು ತಿಳಿಸಿ. ಯಾರೋ ಕಳುಹಿಸಿದ ತಿದ್ದುಪಡಿಯನ್ನು ಓದಿ, ಅರ್ಥವಾಗದುದನ್ನು ಕೇಳಿ. ಕನ್ನಡದ ಅನುವಾದದಲ್ಲಿ ತಪ್ಪಿದ್ದರೆ ತೋರಿಸಿ. ಇದಕ್ಕೆ ಅನುದಾನ ಬೇಕಿಲ್ಲ, ಹುದ್ದೆಯೂ ಬೇಕಿಲ್ಲ. ತಪಾಸಣೆಯ ಮೇಜಿನ ಪಕ್ಕಕ್ಕೆ ಇನ್ನೊಂದು ಕುರ್ಚಿಯನ್ನು ಎಳೆದುಕೊಂಡು ಕುಳಿತರೆ ಸಾಕು.